ಬೆಸುಗೆಯ ಮೇಲಿನ ಪೆಟ್ಟು

ಇಂದೋರ್, ಮಂಗಳವಾರ

ಕೊಲ್ಹಾರದ ಮಾನಪ್ಪ ಕಾಕಾ ಅವರಿಗೆ ಸುಜಾತಾಳ ನಮಸ್ಕಾರ.

ತರಬೇತಿಗೆ ಬಂದ ಪ್ರಯೋಗಾಲಯದಲ್ಲಿ ಇವತ್ತು ಒಂದು ವಿಚಿತ್ರ ನೋಡಿದೆ. ಬೆಸುಗೆ ಹಾಕಿದ ಅಲ್ಯೂಮಿನಿಯಂ ತಗಡಿಗೆ ಕಪ್ಪು ಟೇಪ್ ಅಂಟಿಸಿ, ಮೇಲೆ ನೀರು ಹರಿಯಬಿಟ್ಟು, ಲೇಸರ್‌ನಿಂದ ಹೊಡೆಯುತ್ತಾರೆ. ಪ್ರತಿ ಹೊಡೆತಕ್ಕೂ ಪಟಾಕಿಯಂಥ ಸದ್ದು. ಆ ಪೆಟ್ಟಿನಿಂದ ಲೋಹದ ಮೈ ಒತ್ತಿಕೊಂಡು ಬಿಗಿಯಾಗುತ್ತದೆ. ಆಮೇಲೆ ಎಷ್ಟು ಅಲುಗಾಡಿಸಿದರೂ ಬೇಗ ಬಿರುಕು ಬಿಡುವುದಿಲ್ಲ.

ನಿಮ್ಮ ಬೆಸುಗೆ ಅಂಗಡಿಯಲ್ಲಿ ನೀವು ದೋಣಿಯ ಬೆಸುಗೆ ಆರಿದ ಮೇಲೆ ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದಿರಿ. "ಬಡೀಬ್ಯಾಡ್ರಿ ಕಾಕಾ, ಬಿರುಕ ಬಿಡತೈತಿ" ಎಂದು ನಾನೇ ಬಿಡಿಸಿದೆ. ಅಂಗಡಿಯವರೆಲ್ಲ ನಕ್ಕರು. "ಆತವ್ವಾ, ಕಲ್ತಾಕಿ ಹೇಳಿದ ಮ್ಯಾಲ ಮುಗೀತು" ಎಂದು ನೀವು ಸುತ್ತಿಗೆ ಕೆಳಗಿಟ್ಟಿರಿ. ಯಾಕೆ ಬಡಿಯುತ್ತೀರಿ ಎಂದು ನಾನು ಒಂದು ಮಾತು ಕೇಳಲಿಲ್ಲ. ನಿಮ್ಮ ಪೆಟ್ಟು ಎಷ್ಟು ಬಲ ಕೊಡುತ್ತದೆ ಎಂದು ಅಳೆಯದೆ ಈಗಲೂ ಹೇಳಲಾರೆ. ಬಡಿದದ್ದೊಂದು, ಬಡಿಯದ್ದೊಂದು ತುಂಡು ಕಳಿಸಿ, ಇಲ್ಲೇ ಪರೀಕ್ಷೆ ಮಾಡಿಸುತ್ತೇನೆ.

ಇಲ್ಲಿ ಬೆಳಿಗ್ಗೆ ಅವಲಕ್ಕಿಯ ಜೊತೆ ಜಿಲೇಬಿ ಕೊಡುತ್ತಾರೆ. ಹೊಟ್ಟೆಗೆ ಇನ್ನೂ ಒಗ್ಗಿಲ್ಲ, ಉಳಿದಂತೆ ಆರಾಮ.

ಫೋನ್ ಮಾಡಬಹುದಿತ್ತು. ಆದರೆ ಅಂದು ಬಡಿಯಬೇಡಿ ಎಂದು ಎಲ್ಲರೆದುರು ಹೇಳಿದ್ದೆ. ಈ ಕಾರ್ಡನ್ನೂ ಅಂಗಡಿಯವರೆಲ್ಲ ಓದಲಿ.

ಸುಜಾತಾ