ಲಾರಿಯ ಎಡಗಡೆ ಸೀಟು

ಹಾನುಬಾಳು
27-10-1999

ಗೆಳೆಯ ಅಸಾದುಲ್ಲಾನಿಗೆ ದಯಾನಂದನ ಸಲಾಂ.

ಇಲ್ಲಿ ನಾವೆಲ್ಲ ಉಂಡುಕೊಂಡು, ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೇವೆ. ಅಲ್ಲಿ ನೀನು, ಜಹೀರಾ ತಂಗಿ, ಆಸ್ಫಿಯಾ ಎಲ್ಲ ಹಾಗೇ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಕಾಗದ ತಡವಾಯಿತು ಎಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಏನೋ ನೆನಪಾಗಿ ಎದ್ದು ಹೋಗುತ್ತಿದ್ದೆ. ಈಗೀಗ ಕೂತಲ್ಲಿ ಕೂರಲಾಗುತ್ತಿಲ್ಲ ಮಾರಾಯ. ನಮ್ಮ ನೇತ್ರಾವತಿ, "ಕಾಲಿಗೇ ಚಕ್ರ ಕಟ್ಕಂಡಿದೀರಲ್ಲ, ನಿಮಗ್ಯಾಕ್ರೀ ಲಾರಿ?" ಎನ್ನುತ್ತಾಳೆ. ಫೋನು ಮಾಡಿದರೆ ನೀನು ಹೂಂ, ಉಹೂಂ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನಿನ್ನ ಮಂಡಿ ನೋವು ಹೇಗಿದೆ?

ವಿಷಯ ಇಷ್ಟೇ. ಲಾರಿ ತೆಗೆದುಕೊಳ್ಳಬೇಕು. ಹೊಸದೋ ಹಳೆಯದೋ, ನೀನು ಹೇಳು.

ಹೋದ ವರ್ಷ ಮಳೆಗಾಲದಲ್ಲಿ ಮಂಡಿ ನೋವು ಎಂದು ನೀನು ಕೀಲಿಕೈಯನ್ನು ನನ್ನ ಕೈಗೆ ಹಾಕಿ, ಜಹೀರಾಳ ತವರು ಬಂಟ್ವಾಳಕ್ಕೆ ಹೊರಟುಹೋದೆಯಲ್ಲ, ಆಮೇಲೆ ನಮ್ಮ ಹಳೇ ಗಾಡಿಗೆ ನೆಮ್ಮದಿ ಇರಲಿಲ್ಲ. ನಿನ್ನ ಜಾಗಕ್ಕೆ ಬಂದವರಲ್ಲಿ ಒಬ್ಬ ಮಾರನಹಳ್ಳಿಯ ಹತ್ತಿರ ಏರಿನಲ್ಲಿ ಕ್ಲಚ್ ಸುಟ್ಟ. ಇನ್ನೊಬ್ಬನಿಗೆ ಶಿರಾಡಿ ಘಾಟಿ ಇಳಿಯುವಾಗ ಹಾಡು ಬೇಕು, ಮಾತು ಬೇಕು, ಕಿಟಕಿಯ ಆಚೆ ಕೈ ಬೇಕು. ನೀನಾಗಿದ್ದರೆ ಮಾರನಹಳ್ಳಿ ದಾಟಿದ ಮೇಲೆ ಗಾಡಿಯಲ್ಲಿ ಯಾರೂ ಉಸಿರೆತ್ತುವ ಹಾಗಿರಲಿಲ್ಲ. ಮಾಲೀಕ ಎಂದೂ ನೋಡದೆ ಒಂದು ಸಲ ನನ್ನನ್ನೇ ಇಳಿಸಿ, ಹಿಂದೆ ಶುಂಠಿ ಮೂಟೆಯ ಮೇಲೆ ಕೂರಿಸಿದ್ದೆ. ಬ್ರೇಕಿನ ಸದ್ದು ಕೇಳಿಸಬೇಕು ಎನ್ನುತ್ತಿದ್ದೆ. ಆಗ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕೆಳಗೆ ಗುಂಡ್ಯದಲ್ಲಿ ನಿನ್ನ ಜೊತೆ ಚಹಾ ಕೂಡ ಕುಡಿಯಲಿಲ್ಲ. ಕೊನೆಗೆ ಆ ಗಾಡಿಯನ್ನು ಹಾಸನದ ಗುಜರಿಗೆ ಕೊಟ್ಟೆ. ಈ ಸಲದ ಆಯುಧಪೂಜೆಗೆ ನಮ್ಮ ಮನೆ ಮುಂದೆ ಗಾಡಿಯೇ ಇಲ್ಲ. ಜಾಕು, ಸ್ಪ್ಯಾನರುಗಳನ್ನು ಮಣೆಯ ಮೇಲಿಟ್ಟು ಹೂ ಹಾಕಿದೆ. ಬೂದುಗುಂಬಳಕಾಯಿ ಒಡೆಯುವುದಕ್ಕೂ ಮನಸ್ಸು ಬರಲಿಲ್ಲ, ನೇತ್ರಾವತಿ ಅದನ್ನು ಪಲ್ಯ ಮಾಡಿದಳು.

ಈಗ ಹಾಸನದ ಡೀಲರಿನವರು ದೀಪಾವಳಿಯ ತನಕ ಆಫರ್ ಬಿಟ್ಟಿದ್ದಾರೆ. ಮೊದಲ ವರ್ಷದ ಇನ್ಶೂರೆನ್ಸ್ ಅವರದೇ, ಒಂದು ಚಿನ್ನದ ನಾಣ್ಯ, ಮೇಲೆ ಕೂಪನ್ ಎತ್ತಿ ಒಬ್ಬರಿಗೆ ಕಲರ್ ಟಿವಿ. ಟೈ ಕಟ್ಟಿಕೊಂಡ ಹುಡುಗನೊಬ್ಬ ನನ್ನನ್ನು ಕೂರಿಸಿ ಜ್ಯೂಸ್ ಕೊಟ್ಟು, ಹಬ್ಬ ಮುಗಿದರೆ ಈ ರೇಟು ಕನಸು ಎಂದ. ನಾನು ಎದ್ದು ಬಂದೆ. ಬಸ್ ಸ್ಟ್ಯಾಂಡಿನ ತನಕ ಬಂದವನು ಮತ್ತೆ ವಾಪಸ್ ಹೋದೆ. ಜ್ಯೂಸನ್ನು ಮತ್ತೆ ಕೊಟ್ಟರು. ಮನೆಗೆ ಬಂದು ಹೇಳಿದರೆ ನೇತ್ರಾವತಿ, ಟಿವಿ ತಗೊಂಡರೆ ಲಾರಿ ಬಿಟ್ಟಿ ಕೊಡುವ ಅಂಗಡಿ ಎಲ್ಲಾದರೂ ಇದೆಯಾ ವಿಚಾರಿಸಿ ಎಂದಳು.

ನಿನಗೆ ಗೊತ್ತಲ್ಲ, ಹೊಸದು ಎಂದರೆ ಬರೀ ಚಾಸಿ ಕೊಡುತ್ತಾರೆ. ಇಂಜಿನ್ನು, ಚಕ್ರ, ಸ್ಟೇರಿಂಗು. ಕ್ಯಾಬಿನ್ನು, ಹಿಂದಿನ ತೊಟ್ಟಿ ಎಲ್ಲ ಬಾಡಿ ಕಟ್ಟುವವರ ಹತ್ತಿರ ನಮಗೆ ಬೇಕಾದ ಹಾಗೆ ಕಟ್ಟಿಸಿಕೊಳ್ಳಬೇಕು. ಅದಕ್ಕೆ ಒಂದು ತಿಂಗಳ ಮೇಲೇ ಹಿಡಿಯುತ್ತದೆ. ಅಷ್ಟರಲ್ಲಿ ಕಾಫಿ ಕುಯ್ಲು ಶುರುವಾಗಿರುತ್ತದೆ. ಹೆತ್ತೂರಿನ ಎಸ್ಟೇಟಿನ ಮ್ಯಾನೇಜರು, ದೀಪಾವಳಿಯೊಳಗೆ ಗಾಡಿ ತಂದು ತೋರಿಸಿದರೆ ಈ ಸೀಸನ್ನಿನ ಬಾಡಿಗೆ ನಿಮಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ನಾವಿಬ್ಬರೂ ಸೇರಿ ಹಿಡಿದ ಬಾಡಿಗೆ ಅದು. ನಮ್ಮ ಅಪ್ಪ ಚನ್ನಬಸವಯ್ಯನವರಂತೂ ಹಳೆಯದೇ ಆಗಬೇಕು ಎಂದು ಪಟ್ಟು ಹಿಡಿದಿದ್ದಾರೆ. "ಹಳೇದು ತಗಂಡ್ರೆ ಗ್ಯಾರೇಜ್ ಮೇಸ್ತ್ರಿಗೆ ದುಡ್ಡು ಹೋಯ್ತದೆ, ಹೋಗ್ಲಿ ಬುಡು, ಅವನು ನಮ್ಮೂರೋನು ಕಣೋ. ಹೊಸಾದಾದ್ರೆ ಮುಖಾನೇ ನೋಡ್ದೆ ಇರೋನಿಗೆ ಕಂತು ಕಟ್ತಾ ಕೂರ್ಬೇಕು" ಎನ್ನುತ್ತಾರೆ.

ಅವರ ಮಾತು ಕೇಳಿ ಏನಾಯಿತು ಎಂದು ಹೇಳುತ್ತೇನೆ, ನಗು. ಆಲೂರಿನ ಬ್ರೋಕರ್ ಗಿಡ್ಡಯ್ಯ ಒಂದು ಕೆಂಪು ಲಾರಿ ತಂದ. ಮಂಗಳೂರಿನ ಕಡೆಯದು, ಹೆಂಚು ಹೊಡೆಯುತ್ತಿದ್ದ ಗಾಡಿ ಎಂದ. ಇಂಜಿನ್ನು ಚೆನ್ನಾಗಿತ್ತು, ಬಣ್ಣ ಹೊಸದು. ತೊಟ್ಟಿಯಲ್ಲಿ ಮಾತ್ರ ಒಂಥರಾ ವಾಸನೆ. ಅಪ್ಪ ಹತ್ತಿ ಮೂಸಿ, ಹಳೇ ಗೋಣಿಯದು ಎಂದರು. ನಾನು, ಮಳೆಗೆ ಹಲಗೆ ಮುಗ್ಗಲು ಬಂದಿದೆ ಎಂದೆ. ನೇತ್ರಾವತಿ ಸೆರಗು ಮುಚ್ಚಿಕೊಂಡು, ಬೇವಿನೆಣ್ಣೆ ಇರಬೇಕು ಎಂದಳು. ಗಿಡ್ಡಯ್ಯ ಎಲ್ಲರಿಗೂ ಹೌದು ಹೌದು ಎಂದ. ನೋಡಿ ಓಡಿಸಿ ಆಮೇಲೆ ಹೇಳಿ ಎಂದು ಗಾಡಿಯನ್ನು ನಮ್ಮ ಹತ್ತಿರವೇ ಬಿಟ್ಟುಹೋದ. ಮಾರನೆಯ ದಿನ ಅದನ್ನು ಹೆತ್ತೂರಿಗೆ ತೋರಿಸಲು ಒಯ್ದೆ. ದಾರಿಯಲ್ಲಿ ಮಳೆ ಹಿಡಿಯಿತು, ಹಲಗೆಯೆಲ್ಲ ನೆನೆಯಿತು. ಎಸ್ಟೇಟಿನ ಸ್ಟೋರಿನ ಮುಂದೆ ಗಾಡಿ ನಿಲ್ಲಿಸಿದ್ದೇ ತಡ, ಕಾಳು ಆರಿಸುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿದರು. ಕೂಲಿ ಲೈನಿನ ಬೆಟ್ಟಮ್ಮ ಮೊರ ಕೆಳಗಿಟ್ಟು ಎದ್ದು ಬಂದು, "ಬಂಗುಡೆ ಎಂಗ್ ಕೊಟ್ರಿ ಸಾವ್ಕಾರ್ರೇ?" ಎಂದು ಕೇಳಿದಳು.

ಮೀನು ಹೊಡೆಯುತ್ತಿದ್ದ ಗಾಡಿ ಮಾರಾಯ! ಹುಟ್ಟಿದಾಗಿನಿಂದ ಮೀನು ಒಲೆ ಹತ್ತದ ಮನೆ ನಮ್ಮದು, ಮೂಗಿದ್ದೂ ಏನು ಬಂತು? ಫಿನಾಯಿಲ್ ಹಾಕಿ ತೊಳೆದು, ಒಣಗಿಸಿ, ಬಣ್ಣ ಬಳಿದು ನಮ್ಮಂಥವರನ್ನೇ ಹುಡುಕಿಕೊಂಡು ಬಂದಿದ್ದಾನೆ ಆ ಗಿಡ್ಡಯ್ಯ. ಕಾಫಿಗೆ ಪಕ್ಕದ ವಾಸನೆ ಹತ್ತುತ್ತದೆ ಎಂದು ಎಲ್ಲರಿಗೂ ಗೊತ್ತು. ಲೆಕ್ಕ ಬರೆಯುವ ರೈಟರು ಸ್ಟೋರಿನ ಬಾಗಿಲು ಹಾಕಿಸಿ, ಮೊದಲು ಗಾಡಿಯನ್ನು ಗೇಟಿನ ಆಚೆ ತೆಗೆಯಿರಿ ಎಂದರು. ಹೆಂಗಸರ ನಗು ತಿರುವಿನ ತನಕ ಕೇಳಿಸುತ್ತಿತ್ತು. ನೀನು ಪಕ್ಕದಲ್ಲಿದ್ದಿದ್ದರೆ ಗಿಡ್ಡಯ್ಯ ತಂದ ಕೂಡಲೇ ಮೂಗು ಹಿಡಿದುಕೊಂಡು, ವಾಪಸ್ ಕಳಿಸೋ ಸಾಕು ಎನ್ನುತ್ತಿದ್ದೆ. ಆ ದಿನ ನೀನು ಇಲ್ಲದ್ದು ಎಷ್ಟು ಹೊಟ್ಟೆ ಉರಿಸಿತು ಎಂದರೆ, ಖಾಲಿ ಎಡಗಡೆ ಸೀಟಿಗೆ ತಿರುಗಿ ನಿನ್ನನ್ನು ಜೋರಾಗಿ ಬೈದೆ. ಗಾಡಿಯಲ್ಲಿ ಯಾರೂ ಇರಲಿಲ್ಲ.

ಗಿಡ್ಡಯ್ಯನ ಮನೆ ಮುಂದೆ ಗಾಡಿ ನಿಲ್ಲಿಸಿ ಬಾಯಿಗೆ ಬಂದದ್ದು ಅಂದೆ. ಅವನಿಗೆ ನಾಚಿಕೆಯಾಯಿತೋ ಹೆದರಿದನೋ, ಈಗ ನಿಜಕ್ಕೂ ಒಳ್ಳೆಯ ಗಾಡಿಯೊಂದನ್ನು ತೋರಿಸಿದ್ದಾನೆ. ಆಲೂರಿನಲ್ಲಿ ಆಲೂಗಡ್ಡೆ ಹೊಡೆಯುತ್ತಿದ್ದ ಲಾರಿ, ಒಬ್ಬರ ಕೈಯಲ್ಲೇ ಇದ್ದದ್ದು. ಈ ಸಲ ಬುದ್ಧಿ ಬಂದಿತ್ತು, ಬೆಟ್ಟಮ್ಮನನ್ನೇ ಕರೆದುಕೊಂಡು ಹೋಗಿ ಮೂಸಿಸಿದೆ. ಮಣ್ಣಿನ ವಾಸನೆ ಬಿಟ್ಟರೆ ಏನಿಲ್ಲ ಎಂದಳು. ನಾಳೆಯೇ ತಂದು ನಿಲ್ಲಿಸಬಹುದು, ಹೆತ್ತೂರಿನ ಬಾಡಿಗೆ ಉಳಿಯುತ್ತದೆ, ಸಾಲ ಇಲ್ಲ. ಅಪ್ಪನಿಗೆ ಖುಷಿಯೋ ಖುಷಿ. ಬೇಡ ಎನ್ನಲು ಒಂದು ಕಾರಣವನ್ನೂ ಆ ಗಾಡಿ ಕೊಡಲಿಲ್ಲ. ಆದರೂ ನಾನು ಹೂಂ ಎನ್ನಲಿಲ್ಲ. ಅದರ ಕ್ಯಾಬಿನ್ನಿಗೆ ಹತ್ತಿ ಇಳಿದು, ಎಡಗಡೆಯ ಬಾಗಿಲು ತೆಗೆದು ಹಾಕಿ ನೋಡಿ ಬಂದೆ. ಎಡಗಡೆ ಟೂಲ್ ಬಾಕ್ಸಿನ ಮೇಲೊಂದು ಹಲಗೆ, ಅಷ್ಟೆ. "ಏನ್ ನೋಡ್ತಿದೀಯ ಅಲ್ಲಿ, ಇಂಜಿನ್ ಈ ಕಡೆ ಐತೆ" ಎಂದು ಅಪ್ಪ ರೇಗಿದರು.

ಹೋದ ತಿಂಗಳು ಮಂಗಳೂರಿನ ಕಡೆ ಗಾಡಿ ನೋಡಲು ಬಂದಾಗ, ಇದನ್ನೆಲ್ಲ ಎದುರಿಗೇ ಕೂತು ಮಾತಾಡೋಣ ಎಂದು ನಿಮ್ಮ ಮನೆಗೂ ಬಂದಿದ್ದೆ. ನೀನು ಮಂಗಳೂರಿಗೆ ಹೋಗಿದ್ದೀಯ ಎಂದು ಜಹೀರಾ ತಂಗಿ ಹೇಳಿದಳು. ಹೊರಗಿನಿಂದಲೇ ಹೊರಟುಬಿಟ್ಟೆ, ತಪ್ಪು ತಿಳಿಯಬೇಡಿ.

ಹಾಗಾದರೆ ಹೇಳು. ಒಂದು ಕಡೆ ಕಂತು, ಚಿನ್ನದ ನಾಣ್ಯ, ಕೈತಪ್ಪುವ ಬಾಡಿಗೆ. ಇನ್ನೊಂದು ಕಡೆ ಆಲೂಗಡ್ಡೆ ಲಾರಿ, ಅಪ್ಪನ ಖುಷಿ. ನೀನು ಹೇಳದೆ ನಾನು ಒಂದು ಟೈರನ್ನೂ ಕೊಂಡವನಲ್ಲ.

ಆಸ್ಫಿಯಾ ಚೆನ್ನಾಗಿ ಓದಲಿ, ನಿಮ್ಮ ಮನೆಯಲ್ಲಿ ಅವಳ ನಗು ಕಡಿಮೆಯಾಗದಿರಲಿ ಎಂದು ಅಪ್ಪ ಹರಸಿದ್ದಾರೆ. ಜಹೀರಾ ತಂಗಿಗೆ ನೇತ್ರಾವತಿ ಒಂದು ಡಬ್ಬಿ ಕಾಫಿಪುಡಿ ಕಳಿಸಿದ್ದಾಳೆ. ನಮ್ಮ ದೇವರೋ ನಿಮ್ಮ ದೇವರೋ, ಬಿಡುವಿದ್ದವರು ಯಾರಾದರೂ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ
ದಯಾನಂದ

ತಾ.ಕ. ಆಸ್ಫಿಯಾ, ಇಲ್ಲಿಗೆ ನಿಲ್ಲಿಸಬೇಡ ಮಗಳೇ. ಇದನ್ನೂ ಅಪ್ಪನಿಗೆ ಓದು, ನಿಧಾನಕ್ಕೆ ಓದು.

ಅಸಾದು, ಆವತ್ತು ನೀನು ಮಂಗಳೂರಿಗೆ ಹೋಗಿರಲಿಲ್ಲ. ಬಾಗಿಲ ಪರದೆ ಸರಿದಿತ್ತು. ಜಹೀರಾಳ ಹಿಂದೆ ನಡುಮನೆಯ ಬೆತ್ತದ ಕುರ್ಚಿಯಲ್ಲಿ ನೀನು ಕೂತಿದ್ದೆ. ನನ್ನ ದನಿ ಕೇಳಿದ ಕೂಡಲೇ ಅವಳಿಗೆ ಬೇಡ ಬೇಡ ಎಂದು ಕೈ ಮಾಡಿದೆ. ನಿನ್ನ ಮುಖ ನನ್ನ ಕಡೆಗೇ ಇತ್ತು. ನಾನು ನಕ್ಕು ಕೈ ಎತ್ತಿದೆ. ನೀನು ಹಾಗೇ ನನ್ನನ್ನೇ ನೋಡುತ್ತಾ ಬೇಡ ಎನ್ನುತ್ತಲೇ ಇದ್ದೆ. ಆಗ ನನಗೆ ತಿಳಿಯಿತು. ಗೇಟಿನ ತನಕ ಬಂದ ಜಹೀರಾ, ಸಕ್ಕರೆ ಕಾಯಿಲೆ ಕಣ್ಣಿಗೆ ಬಂತು, ಹೋದ ದೃಷ್ಟಿ ಇನ್ನು ಬರುವುದಿಲ್ಲ ಎಂದಿದ್ದಾರೆ ಡಾಕ್ಟರು ಎಂದು ಹೇಳಿ ಅತ್ತಳು. ಅವಳನ್ನು ಬೈಯಬೇಡ. ಮಂಡಿ ನೋವಂತೆ ಮಂಡಿ ನೋವು! ಊರಿಗೆಲ್ಲ ಸುಳ್ಳು ಹೇಳು, ನನಗೂ ಹೇಳುವುದಾ? ಬಸ್ಸಿನಲ್ಲಿ ಶಿರಾಡಿ ಹತ್ತುವಷ್ಟು ಹೊತ್ತೂ ಅತ್ತೆ, ಕಂಡಕ್ಟರ್ ಬಂದು ಯಾರು ತೀರಿಕೊಂಡರು ಎಂದು ಕೇಳಿದ.

ನಿನ್ನನ್ನು ಕೇಳಿ ಇಷ್ಟುದ್ದ ಬರೆದೆನಲ್ಲ, ನಿನ್ನೆಯೇ ಬುಕ್ ಮಾಡಿ ಬಂದೆ. ಹೊಸದು. ಹೆತ್ತೂರಿನ ಬಾಡಿಗೆ ಹೋಯಿತು, ಅಪ್ಪ ಮಾತು ಬಿಟ್ಟಿದ್ದಾರೆ. ಹಳೆಯ ಗಾಡಿಗೆ ನಮಗೆ ಬೇಕಾದ ಹಾಗೆ ಕ್ಯಾಬಿನ್ ಎಲ್ಲಿಂದ ತರುವುದು? ಬಾಡಿ ಕಟ್ಟುವವನಿಗೆ ಎಡಗಡೆ ಒರಗುವ ಸೀಟು, ಕೆಳಗೊಂದು ಮೆಟ್ಟಿಲು ಜಾಸ್ತಿ, ಬಾಗಿಲ ಪಕ್ಕ ಕೈಗೆ ಸಿಗುವ ಹಾಗೆ ಉದ್ದದ ಹಿಡಿ ಹಾಕಲು ಹೇಳಿದ್ದೇನೆ. ಕ್ಲೀನರಿಗೆ ಯಾಕ್ರೀ ಇಷ್ಟು ಎಂದ. ಕ್ಲೀನರಿಗಲ್ಲ ಎಂದೆ. ಓಡಿಸುವವನು ನಾನು. ನಾನು ಹೇಗೆ ಓಡಿಸುತ್ತೇನೆ ಎಂದು ನಿನಗೆ ಗೊತ್ತಿದೆ, ಪಕ್ಕದಲ್ಲಿ ಬ್ರೇಕಿನ ಸದ್ದು ಕೇಳುವವರೊಬ್ಬರು ಬೇಕು. ಮಾರನಹಳ್ಳಿ ದಾಟಿದ ಮೇಲೆ ನಾನು ಬಾಯಿ ಬಿಡುವುದಿಲ್ಲ, ನೀನು ಎಷ್ಟು ಬೇಕಾದರೂ ಬೈಯಿ.

ಬಾಡಿ ಆದ ದಿನವೇ ನಿಮ್ಮ ಮನೆ ಮುಂದೆ ತಂದು ಹಾರ್ನ್ ಹೊಡೆಯುತ್ತೇನೆ. ಆವತ್ತೂ ನೀನು ಮಂಗಳೂರಿಗೆ ಹೋಗುವುದಾದರೆ, ಬಾಗಿಲು ಹಾಕಿಕೊಂಡು ಹೋಗು ಮಾರಾಯ.