ಈರಣ್ಣನ ಮೃತ್ಯುಪತ್ರ

ಪ್ರೀತಿಯ ಅಕ್ಕೋರಿಗೆ,

ನಿಮ್ಮ ಹತ್ತನೆಯ ‘ಬ’ ವರ್ಗದ ಸುಮಾ ಬರೆಯುತ್ತಿದ್ದೇನೆ. ಅಕ್ಷರ ನೋಡಿದೊಡನೆ ಗುರುತು ಹಿಡಿದಿರುತ್ತೀರಿ. ರಾಮದುರ್ಗದ ನಮ್ಮ ಹೈಸ್ಕೂಲಿನಲ್ಲಿ ಏನನ್ನು ಚೊಕ್ಕ ಪ್ರತಿ ಮಾಡಬೇಕಿದ್ದರೂ ನೀವು ನನ್ನನ್ನೇ ಕರೆಯುತ್ತಿದ್ದಿರಿ. ಆ ಅಕ್ಷರದ ಮೇಲೆ ನೀವಿಟ್ಟಿದ್ದ ನಂಬಿಕೆಯನ್ನು ನಾನು ಒಮ್ಮೆ ಮುರಿದೆ. ಹನ್ನೊಂದು ವರ್ಷದಿಂದ ಹೇಳದೆ ಉಳಿದ ಮಾತು ಅದು. ಮೊನ್ನೆ ಬೈಲಹೊಂಗಲದಲ್ಲಿ ಸಿಕ್ಕ ಒಂದು ಸುದ್ದಿಯೂ ಇದೆ. ಮೊದಲಿನದನ್ನು ಹೇಳದೆ ಎರಡನೆಯದನ್ನು ಹೇಳಲು ಬರುವುದಿಲ್ಲ.

ಒಂದು ಫೆಬ್ರವರಿಯ ಮಧ್ಯಾಹ್ನ ನೀವು ನಮ್ಮ ವರ್ಗಕ್ಕೆ ಬಂದು ಮೇಜಿನ ಮೇಲೆ ಖಾಲಿ ಹಾಳೆಗಳನ್ನು ಇಟ್ಟದ್ದು ನೆನಪಿದೆಯೇ? ನಿಮ್ಮ ತಂದೆ ತಹಶೀಲ್ದಾರ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕುಳಿತು ಬಾಂಡ್ ಬರೆಯುತ್ತಿದ್ದವರು. ಆ ಭಾಷೆ ನಿಮ್ಮ ಮನೆಯ ಭಾಷೆ. ಹತ್ತನೆಯವರು ಸಾಲಿ ಬಿಟ್ಟು ಹೋಗುವ ಮೊದಲು ತಮ್ಮ ಗುಣಗಳನ್ನು ಒಂಬತ್ತನೆಯವರಿಗೆ ಬರೆದುಕೊಟ್ಟು ಹೋಗಬೇಕು ಎಂಬ ಪದ್ಧತಿಯನ್ನು ನೀವೇ ಹಾಕಿದ್ದಿರಿ. “ಸಾಲಿ ಬಿಡೂದು ಅಂದ್ರ ಒಂದು ಸಣ್ಣ ಸಾವು. ಆಸ್ತಿ ಹಂಚಿ ಹೋಗ್ರಿ” ಎಂದಿರಿ. ಆದ್ದರಿಂದ ಅದರ ಹೆಸರು ಮೃತ್ಯುಪತ್ರ. ಸ್ವಸಂತೋಷದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಬುದ್ಧಿ ಸ್ವಸ್ಥವಿರುವಾಗ... ಎಂದು ಶುರುವಾಗಿ, ಹೊಲದ ಪತ್ರದಂತೆ ನಾಲ್ಕು ದಿಕ್ಕಿನ ಸೀಮೆ ಬರೆದು ಮುಗಿಯಬೇಕು. ಒಬ್ಬಳು ತನ್ನ ಸುಳ್ಳು ಹೊಟ್ಟೆನೋವನ್ನು ಕೊಟ್ಟಳು. ಇನ್ನೊಬ್ಬನು ಇತರರ ಡಬ್ಬಿಯಲ್ಲಿ ಏನಿದೆ ಎಂದು ಮೂಸಿ ಹೇಳುವ ಮೂಗನ್ನು ಕೊಟ್ಟ. ನಾನು ತಪ್ಪು ಹುಡುಕುವ ಚಟವನ್ನು ಕೊಟ್ಟೆ.

ನಿಯಮ ಒಂದೇ ಇತ್ತು. ಕರಿಹಲಗೆಯ ಕಡೆ ತಿರುಗಿಕೊಂಡೇ ನೀವು ಅದನ್ನು ಹೇಳಿದಿರಿ: “ಯಾರ ಹತ್ರ ಇಲ್ಲೋ ಅವರಿಗೆ ಕೊಡ್ರಿ. ಇದ್ದವರಿಗೆ ಇದ್ದದ್ದನ್ನ ಕೊಟ್ರ ಅದು ಆಸ್ತಿ ಅಲ್ಲ, ಬೈಗಳ.” ಎಲ್ಲರೂ ನಕ್ಕೆವು. ನಾನು ಅದನ್ನು ವಹಿಯಲ್ಲಿ ಬರೆದುಕೊಂಡೆ. ಬರೆದುಕೊಂಡರೆ ತಿಳಿದಂತೆ ಎಂದು ನಾನು ನಂಬಿದ್ದ ವಯಸ್ಸು ಅದು.

ಈರಣ್ಣನ ಕಾಗದವನ್ನು ನೀವು ನನಗೆ ಕೊಟ್ಟಾಗ ಅದರಲ್ಲಿ ಮುತ್ತಪ್ಪನ ಹೆಸರಿತ್ತು. ಈರಣ್ಣನ ಮನೆ ಸಾಲಿಯ ಗೇಟಿನ ಎದುರಿಗೇ ಇತ್ತು, ಆದರೂ ಅವನು ಒಂದು ದಿನವೂ ಗಂಟೆ ಹೊಡೆಯುವ ಮೊದಲು ಬಂದವನಲ್ಲ. ಒಂಬತ್ತನೆಯ ಮುತ್ತಪ್ಪನೋ, ಜವಾನ ಬೀಗ ತೆಗೆಯುವುದಕ್ಕೂ ಮೊದಲು ಬಂದು ಮೆಟ್ಟಿಲ ಮೇಲೆ ಕೂರುವವನು. ‘ತಡವಾಗಿ ಬರುವ ನನ್ನ ಗುಣವನ್ನು ಮುತ್ತಪ್ಪನಿಗೆ ಬರೆದುಕೊಟ್ಟಿದ್ದೇನೆ. ಪೂರ್ವಕ್ಕೆ ಮುಗಿದ ಪ್ರಾರ್ಥನೆ, ಪಶ್ಚಿಮಕ್ಕೆ ಶುರುವಾದ ಎರಡನೆಯ ತಾಸು, ಉತ್ತರಕ್ಕೆ ಹೆಡ್‌ಮಾಸ್ತರರ ಬೆತ್ತ, ದಕ್ಷಿಣಕ್ಕೆ ನಮ್ಮವ್ವನ ಬಿಸಿ ರೊಟ್ಟಿ.’ ಓದಿ, ನಕ್ಕು, ಅದರ ಕೆಳಗೂ ಚೊಕ್ಕ ಪ್ರತಿಯ ಖಾಲಿ ಹಾಳೆಯ ಕೆಳಗೂ ಸಹಿ ಮಾಡಿ ಕೊಟ್ಟಿರಿ.

ಚೊಕ್ಕ ಪ್ರತಿ ಮಾಡುವಾಗ ನಾನು ಮುತ್ತಪ್ಪನ ಹೆಸರು ಬಿಟ್ಟು ಪಾರ್ವತಿಯ ಹೆಸರು ಬರೆದೆ. ಇದೇ, ಅಕ್ಕೋರೇ, ನಿಮಗೆ ಹೇಳದ ಮಾತು.

ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಪಾರ್ವತಿಯ ಮೇಲೆ ಸಿಟ್ಟೂ ಇರಲಿಲ್ಲ. ಹೊಳೆಯ ಆಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಂಬತ್ತನೆಯ ಹುಡುಗಿ, ಹೆಚ್ಚು ಮಾತಿಲ್ಲದವಳು. ಬಸ್ಸು ತಡವಾದರೆ ಅವಳೂ ತಡ. ದಿನಾಲೂ ಬಾಗಿಲ ಹೊರಗೆ ನಿಂತು, ಕರೆದ ಮೇಲೆ ಒಳಗೆ ಬರುವಳು. ಮುತ್ತಪ್ಪನಿಗೂ ತಡಕ್ಕೂ ಏನು ಸಂಬಂಧ, ಪಾರ್ವತಿ ಎಂದರೆ ಹೆಚ್ಚು ಸರಿಯಾಗುತ್ತದೆ ಎಂದು ನನಗೆ ಅನಿಸಿತು. ಹೆಚ್ಚು ಸರಿ! ನಿಮ್ಮ ಸಹಿಯ ಮೇಲಿನ ಸಾಲಿನಲ್ಲಿ ನಾನು ಒಂದು ಸತ್ಯವನ್ನು ಸೇರಿಸಿದೆ, ಅದು ಬೈಗುಳವಾಯಿತು.

ಓದುವ ದಿನ ಸಭಾಗೃಹದಲ್ಲಿ ಚುರುಮರಿಯ ಪೊಟ್ಟಣ ಹಂಚಿಯಾಗಿತ್ತು. ಹೆಸರು ಕೂಗಿದವರು ಎದ್ದು “ಒಪ್ಪಿದೆ” ಎನ್ನಬೇಕು, ಕಾಗದ ತೆಗೆದುಕೊಳ್ಳಬೇಕು. ಈ ‘ಒಪ್ಪಿದೆ’ಯೂ ಆ ವರ್ಷ ನಾನೇ ಸೇರಿಸಿದ್ದು. ಪಡೆಯುವವರು ಒಪ್ಪದೆ ಪತ್ರ ಪೂರ್ತಿಯಾಗುವುದಿಲ್ಲ ಎಂದು ನಾನು ವಾದಿಸಿದಾಗ ನೀವು ಒಂದು ಥರ ನಕ್ಕು, ಇರಲಿ ಬಿಡು ಎಂದಿದ್ದಿರಿ. ಈರಣ್ಣ ಕೈಗೆ ಬಂದ ಚೊಕ್ಕ ಪ್ರತಿಯನ್ನು ಇದ್ದಂತೆಯೇ ಓದಿದ. ಪಾರ್ವತಿಯ ಹೆಸರು ಬಂದೊಡನೆ ನಗು ಎದ್ದಿತು, ಆ ಮಧ್ಯಾಹ್ನದ ಎಲ್ಲ ನಗುವಿಗಿಂತ ದೊಡ್ಡದು. ಅವಳು ಎದ್ದು ನಿಂತಳು. “ಒಪ್ಪಿದೆ” ಎನ್ನಲಿಲ್ಲ. ಗೋಡೆಯ ಗಡಿಯಾರ ನೋಡಿದಳು, ಈರಣ್ಣನನ್ನು ನೋಡಿದಳು, ಚೀಲ ತೆಗೆದುಕೊಂಡು ಹೊರಗೆ ಹೋದಳು. ನಗು ಒಂದು ಮೂಲೆಯಿಂದ ನಿಲ್ಲುತ್ತ ಬಂತು. ಈರಣ್ಣ ಕಾಗದ ಹಿಡಿದುಕೊಂಡು ನಿಂತೇ ಇದ್ದ. ನೀವು ನನ್ನ ಕಡೆ ಒಮ್ಮೆ ನೋಡಿದಿರಿ...

ಜೂನಿನಲ್ಲಿ ಸಾಲಿ ಶುರುವಾದಾಗ ಪಾರ್ವತಿ ಬರಲಿಲ್ಲ. ರಜೆಯಲ್ಲಿ ಅವಳ ಸೋದರಮಾವ ಬಂದು ಟಿ.ಸಿ. ಒಯ್ದಿದ್ದಾನೆ ಎಂದು ಗುಮಾಸ್ತರು ಹೇಳಿದರಂತೆ. ಟಿ.ಸಿ. ಒಯ್ದ ಎಷ್ಟೋ ಹುಡುಗಿಯರು ಮತ್ತೆ ಯಾವ ಸಾಲಿಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ವಯಸ್ಸಿನ ದಾಖಲೆಯೆಂದು ಟಿ.ಸಿ. ಮದುವೆ ಮಾಡುವವರಿಗೂ ಬೇಕಾಗುತ್ತಿತ್ತು. ನೀವು ರವಿವಾರ ಬಸ್ಸು ಹಿಡಿದು ಅವಳ ಹಳ್ಳಿಗೆ ಹೋಗಿ ಬಂದಿರಿ. ಮನೆಗೆ ಬೀಗ. ಶಿಕ್ಷಕರ ಕೋಣೆಯಲ್ಲಿ ಯಾರೋ ನಿಮ್ಮ ಪದ್ಧತಿಯ ಬಗ್ಗೆ ಆಡಿಕೊಂಡಾಗ ನೀವು, ನಾನೇ ಓದಿ ಸಹಿ ಮಾಡಿದ್ದು, ತಪ್ಪು ನನ್ನದು ಎಂದಿರಿ. ಅಂದಿನಿಂದ ಮೃತ್ಯುಪತ್ರ ನಿಂತಿತು. ಕಾಲೇಜಿಗೆ ಹೋಗುತ್ತಿದ್ದ ನನ್ನ ಕಿವಿಗೆ ಇದೆಲ್ಲ ಬಿತ್ತು. ಬಂದು ನಿಮಗೆ ಹೇಳಬೇಕಿತ್ತು. ಮೂಲ ಪ್ರತಿಯಲ್ಲಿ ಮುತ್ತಪ್ಪನಿದ್ದದ್ದು ನಿಮಗೆ ಗೊತ್ತಿತ್ತಲ್ಲವೇ? ಗೊತ್ತಿದ್ದೂ ನನ್ನನ್ನು ಯಾಕೆ ಕೇಳಲಿಲ್ಲ?

ಕೇಳುವ ಬದಲು ನೀವು ನನಗೆ ಪುಸ್ತಕ ಕೊಡುತ್ತ ಹೋದಿರಿ. ಹಿಮ ಬೀಳುವ ಊರುಗಳ ಕಾದಂಬರಿಗಳು, ಕನ್ನಡಕ್ಕೆ ಬಂದವು. ಮಾರ್ಚಿನ ಬಿಸಿಲಲ್ಲಿ ನಾನು ಓದಿದ್ದು. ಪಾರ್ವತಿ ತೆಗೆದುಕೊಳ್ಳದೆ ಹೋದ ಆ ಹಾಳೆ ಈರಣ್ಣನ ಕೈಯಿಂದ ನನ್ನ ಕೈಗೆ ಬಂದಿತ್ತು. ಅಂಥ ಒಂದು ಕಾದಂಬರಿಯೊಳಗೆ ಅದನ್ನಿಟ್ಟೆ. ಆ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ನಿಮ್ಮನ್ನು ಕೊನೆಯ ಸಲ ನೋಡಿದಾಗ ಕಿಟಕಿಯ ಕಟ್ಟೆಯ ಮೇಲೆ ಅರ್ಧ ತಿಂದ ಮೋಸಂಬಿ ಇತ್ತು. ಹತ್ತು ನಿಮಿಷ ಬೇರೆ ಏನೇನೋ ಮಾತಾಡಿ, ನಡುವೆ ನೀವು “ಆ ಹುಡುಗಿ ಎಲ್ಲಿ ಅದಾಳೋ ಏನೋ, ಸುಮಾ” ಎಂದಿರಿ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಮೋಸಂಬಿಯ ಸಿಪ್ಪೆಗಳನ್ನು ಎತ್ತಿ ಬುಟ್ಟಿಗೆ ಹಾಕಿದೆ. ಅದಾಗಿ ಐದು ವರ್ಷ, ನೀವು ಗುಣವಾಗಿ ಮನೆಗೆ ಹೋದ ಮೇಲೂ ಬಂದು ಹೇಳಲಿಲ್ಲ.

ಈ ಫೆಬ್ರವರಿಯಲ್ಲಿ ಪರೀಕ್ಷಾ ಮೇಲ್ವಿಚಾರಣೆಯ ತರಬೇತಿಗೆಂದು ಬೈಲಹೊಂಗಲದ ಒಂದು ಹೈಸ್ಕೂಲಿಗೆ ಹೋದೆ. ನಾನೀಗ ಸವದತ್ತಿಯಲ್ಲಿ ವಿಜ್ಞಾನ ಕಲಿಸುತ್ತೇನೆ, ಅದು ನಿಮಗೆ ಗೊತ್ತು. ಚಹದ ಬಿಡುವಿನಲ್ಲಿ ಸೂಚನಾ ಫಲಕದ ಮುಂದೆ ನಿಂತೆ. ‘ಬಕ್ಷೀಸಪತ್ರ’ ಎಂದು ಒಂದು ಹಾಳೆ. ಹತ್ತನೆಯ ವರ್ಗದ ಹುಡುಗನೊಬ್ಬ ಸ್ವಸಂತೋಷದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ತನ್ನ ಕಲೆಯನ್ನು ಒಂಬತ್ತನೆಯವನಿಗೆ ಕೊಟ್ಟಿದ್ದ. ಪೂರ್ವಕ್ಕೆ ಕರಿಹಲಗೆ, ಪಶ್ಚಿಮಕ್ಕೆ ಗೋಡೆ... ನಾನು ಚಹದ ಕಪ್ಪನ್ನು ಎಲ್ಲಿಟ್ಟೆನೋ ನೆನಪಿಲ್ಲ. ಜವಾನನನ್ನು ಕೇಳಿದೆ. “ಹತ್ತು ವರ್ಷದಿಂದ ನಡದೈತ್ರಿ. ಪಾರ್ವತಿ ಅಂತ ಒಬ್ಬಾಕಿ ದೊಡವಾಡದಿಂದ ಬರ್ತಿದ್ಲು, ಆಕೀನ ಚಾಲೂ ಮಾಡಿದ್ದು. ಈಗ ನೋಂದಣಿ ಕಚೇರಿ ಮುಂದ ಜೆರಾಕ್ಸ್ ಅಂಗಡಿ ಇಟ್ಟಾಳ್ರಿ” ಎಂದ.

ತರಬೇತಿ ಮುಗಿಯುವ ತನಕ ಕಾಯಲಿಲ್ಲ. ನನ್ನ ವೃತ್ತಿಯಲ್ಲಿ ಅದೊಂದೇ ಸಲ. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಪಾರ್ವತಿ ಯಾರದೋ ಖರೀದಿ ಪತ್ರ ಟೈಪು ಮಾಡುತ್ತಿದ್ದಳು. ತಲೆ ಎತ್ತಿ ನೋಡಿ, “ಚೊಕ್ಕ ಪ್ರತಿ ಸುಮಕ್ಕ ಅಲ್ಲೇನ್ರಿ?” ಎಂದಳು. ಕೂರುವ ಮೊದಲೇ ಹೇಳಿಬಿಟ್ಟೆ: ಆ ದಿನ ನಿನ್ನ ಹೆಸರು ಬರೆದದ್ದು ಅಕ್ಕೋರಲ್ಲ, ನಾನು. ಅವಳು ಕೀಲಿಮಣೆಯಿಂದ ಕೈ ತೆಗೆಯಲಿಲ್ಲ. “ಅಕ್ಕೋರು ಅಂಥಾದ್ದು ಬರಿಯಾವ್ರಲ್ಲ ಅಂತ ಅವತ್ತ ಗೊತ್ತಿತ್ರಿ” ಎಂದಳು. ಕೇಳಿಸಿತೇ, ಅಕ್ಕೋರೇ? ನಿಮ್ಮ ತಪ್ಪೆಂದು ಅವಳು ಒಂದು ದಿನವೂ ತಿಳಿದಿರಲಿಲ್ಲ.

ಹಾಗಾದರೆ ಯಾಕೆ ಒಪ್ಪಲಿಲ್ಲ, ಯಾಕೆ ಎದ್ದು ಹೋದೆ ಎಂದು ಕೇಳಿದೆ. ಆಗ ಅವಳು ಕುರ್ಚಿ ತಿರುಗಿಸಿದಳು. ಅವಳ ಅಜ್ಜ ಬದುಕಿದ್ದಾಗಲೇ ಮನೆಮಂದಿಯನ್ನು ಕೂರಿಸಿಕೊಂಡು ಮೃತ್ಯುಪತ್ರ ಓದಿಸಿದ್ದನಂತೆ. ಅವಳ ದೊಡ್ಡಪ್ಪ ಖುಷಿಯಲ್ಲಿ “ಒಪ್ಪಿದೆ” ಎಂದನಂತೆ. ನನ್ನ ಸಾವು ಇವನಿಗೆ ಒಪ್ಪಿಗೆಯಾಯಿತು ಎಂದು ಅಜ್ಜ ಮೂರು ವರ್ಷ ಅವನೊಡನೆ ಮಾತು ಬಿಟ್ಟಿದ್ದ. “ಮೃತ್ಯುಪತ್ರ ಸತ್ತ ಮ್ಯಾಲ ನಡೀತೈತ್ರಿ. ಈರಣ್ಣ ನನ್ನ ಮುಂದ ಚುರುಮರಿ ತಿನಕೋತ ನಿಂತಿದ್ದ. ನಾ ಒಪ್ಪಿದೆ ಅಂದ್ರ ಅವನ್ನ ಸಾಯಿ ಅಂದಂಗ ಆಗೂದಿಲ್ಲೇನು? ಒಲ್ಲೆ ಅಂದ್ರ ನಿಮಗ ಅಪಮಾನ. ಏನ್ ಅನ್ನಬೇಕಂತ ವಿಚಾರ ಮಾಡೂದ್ರಾಗ ಗಡಿಯಾರ ನೋಡಿದೆ. ನಾಲ್ಕೂವರಿ ಬಸ್ ಹೊಂಟಿತ್ತು.”

ನೀನು ಅಳುತ್ತ ಹೋದೆ ಎಂದುಕೊಂಡೆವು ಎಂದೆ. “ಅಳಾಕ ಟೈಮ್ ಎಲ್ಲಿತ್ತರಿ” ಎಂದಳು. ಆಮೇಲೆ, “ಬ್ಯಾಸರ ಆಗಿತ್ತು, ಸುಳ್ಳ್ಯಾಕ ಹೇಳ್ಲಿ. ಬಸ್ಸಿನ್ಯಾಗ ಕುಂತಾಗ ಆಗಿತ್ತು. ಊರು ಬರೂದ್ರಾಗ ಹೋತು” ಎಂದಳು. ಆ ಬೇಸಿಗೆಯಲ್ಲಿ ಅವಳ ಅವ್ವ ತನ್ನ ತವರು ದೊಡವಾಡಕ್ಕೆ ಬಂದು ನೆಲೆಸಿದ್ದಳು. ಪಾರ್ವತಿ ಬೈಲಹೊಂಗಲದಲ್ಲಿ ಹತ್ತನೆಯದು ಪಾಸಾದಳು, ಕಾಲೇಜೂ ಮುಗಿಸಿದಳು. ಹತ್ತನೆಯಲ್ಲಿದ್ದಾಗ ನಿಮ್ಮ ಪದ್ಧತಿಯನ್ನು ಅಲ್ಲಿ ಶುರು ಮಾಡಿದ್ದು, ಒಂದೇ ಒಂದು ತಿದ್ದುಪಡಿಯೊಂದಿಗೆ: ಮೃತ್ಯುಪತ್ರದ ಬದಲು ಬಕ್ಷೀಸಪತ್ರ, ಅಂದರೆ ದಾನಪತ್ರ. ಅದನ್ನು ಬದುಕಿರುವವರು ಕೊಡುತ್ತಾರೆ, ಬದುಕಿರುವವರು ಒಪ್ಪಬೇಕು. ಬಾಂಡ್ ಬರೆಯುವವರ ಮಗಳೇ, ನನ್ನ ‘ಒಪ್ಪಿದೆ’ಗೆ ನೀವು ಆ ಥರ ನಕ್ಕದ್ದು ಇದಕ್ಕೇನು?

ಅಲ್ಲಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತೆ.

ಮುಂದಿನ ರವಿವಾರ ಆ ಹಾಳೆಯನ್ನು ಕಾದಂಬರಿಯಿಂದ ತೆಗೆದು ಅವಳ ಅಂಗಡಿಗೆ ಒಯ್ದೆ. ಹರಿದು ಹಾಕು ಎಂದೆ. ಅವಳು ಪೂರ್ತಿ ಓದಿದಳು, ಬಿಸಿ ರೊಟ್ಟಿಯ ಹತ್ತಿರ ನಕ್ಕಳು. “ಹರಿಯೂದ್ಯಾಕ್ರಿ? ಇಲ್ಲದವರಿಗೆ ಕೊಡ್ರಿ ಅಂತಿದ್ರಲ್ಲ ಅಕ್ಕೋರು. ಆವಾಗ ನನ್ನ ಹತ್ರ ತಡ ಬೇಕಾದಷ್ಟಿತ್ತು. ಈಗ ದಿನಾ ಎಂಟಕ್ಕ ಅಂಗಡಿ ತಗೀತೇನಿ, ಬೀಗರ ಮನಿಗಿ ಹೋದ್ರೂ ಮೊದಲ ಹೋಗತೇನಿ. ಒಂಚೂರೂ ಉಳದಿಲ್ಲ. ಈಗ ಕೊಟ್ರ ತಗೋತೇನಿ” ಎಂದಳು. ನಿಮ್ಮ ನಿಯಮ ನನ್ನ ವಹಿಯಲ್ಲಿ ಹನ್ನೊಂದು ವರ್ಷ ಇತ್ತು, ಅವಳಲ್ಲಿ ಕೆಲಸ ಮಾಡುತ್ತಿತ್ತು.

ಬಕ್ಷೀಸ ಎಂದ ಮೇಲೆ ಕೊಡುವವನ ಸಹಿ ಬೇಕು. ಈರಣ್ಣನಿಗೆ ನಾನು ಮೊದಲೇ ಫೋನು ಮಾಡಿದ್ದೆ. ರಾಮದುರ್ಗದಲ್ಲಿ ಅವನದು ಗೊಬ್ಬರದ ಅಂಗಡಿ. ಹನ್ನೊಂದಕ್ಕೆ ಅಲ್ಲಿರತೇನಿ ಎಂದವನು ಮೂರೂವರೆಗೆ ಬಂದ. ಪಾರ್ವತಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಆಸ್ತಿ ಇನ್ನೂ ಇವರ ಕಬಜಾದಾಗ ಐತಿ. ಕೊಡೂ ಹಕ್ಕು ಪೂರಾ ಐತಿ” ಎಂದಳು. ಈರಣ್ಣ ಕಿವಿಯವರೆಗೆ ಕೆಂಪಾದ. ಹನ್ನೊಂದು ವರ್ಷದಿಂದ ಆ ನಗುವನ್ನು ಅವನೂ ಹೊತ್ತು ತಿರುಗಿದ್ದ. ನಮ್ಮಿಬ್ಬರಿಗೂ ಪರಸ್ಪರ ಗೊತ್ತಿರಲಿಲ್ಲ ಅಷ್ಟೆ. ಅವಳು ಮೇಲಿನ ‘ಮೃತ್ಯುಪತ್ರ’ವನ್ನು ‘ಬಕ್ಷೀಸಪತ್ರ’ ಎಂದು ಬದಲಿಸಿ ಹೊಸದಾಗಿ ಟೈಪು ಮಾಡಿದಳು, ಸೀಮೆಗಳನ್ನು ಹಾಗೆಯೇ ಇಟ್ಟಳು. ಅವನು ಸಹಿ ಹಾಕಿದ. ಅವಳು ‘ಒಪ್ಪಿದೆ’ ಎಂದು ಕೈಯಾರೆ ಬರೆದಳು. ನಾನು ಸಾಕ್ಷಿ ಹಾಕಿದೆ. ಏನನ್ನೂ ಚೊಕ್ಕ ಪ್ರತಿ ಮಾಡಲಿಲ್ಲ.

ಬರುವ ವರ್ಷ ಸವದತ್ತಿಯ ನನ್ನ ಸಾಲಿಯಲ್ಲೂ ಬಕ್ಷೀಸಪತ್ರ ಓದಿಸುತ್ತೇನೆ. ಪ್ರತಿ ಹಾಳೆಯನ್ನೂ ನಾನೇ ಓದುತ್ತೇನೆ, ಮಕ್ಕಳು ಬರೆದ ಒಂದು ಹೆಸರನ್ನೂ ತಿದ್ದುವುದಿಲ್ಲ. ತಿದ್ದಬೇಕೆನಿಸಿದರೆ ಕೂಗಿ ಕರೆದು ಕೇಳುತ್ತೇನೆ.

ಸಹಿಯ ಮಸಿ ಆರುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗಿತ್ತು. ಗಡಿಯಾರ ನೋಡಿ ಚೀಲ ತೆಗೆದುಕೊಂಡೆ. ಪಾರ್ವತಿ ಎದುರಿನ ಹೋಟೆಲಿಗೆ ಮೂರು ಚಹ ಕೂಗಿ ಹೇಳಿ, ಆ ಹೊಸ ಹಾಳೆಯನ್ನು ಮಡಚುತ್ತ, “ಈ ಬಸ್ ಹೋಗಲಿ ಬಿಡ್ರಿ, ಸುಮಕ್ಕ. ಕುಂತ್ರಿ. ನನಗ ಈಗ ತಡ ಮಾಡೂ ಹಕ್ಕು ಬಂದೈತಿ” ಎಂದಳು.

ಕುಳಿತೆ, ಅಕ್ಕೋರೇ. ಅದರ ನಂತರದ ಬಸ್ಸೂ ಹೋಯಿತು.

ನಿಮ್ಮ
ಸುಮಾ