ಇರುವೆ ಸಾಯದ ಆಟಕ್ಕೆ ಬೀಗ

ಕೌಶಲ್ಯ ಪ್ರಮಾಣೀಕರಣ ಕಚೇರಿಯ ಮಾನ್ಯ ವಿಭಾಗಾಧಿಕಾರಿಗಳೇ,

ಮಿರಜದ ಆಸ್ಪತ್ರೆಯೊಂದರ ಫಿಜಿಯೊಥೆರಪಿ ಕೋಣೆಯಲ್ಲಿದ್ದ ಆಟದ ಕಂಪ್ಯೂಟರನ್ನು ನೀವು ಮುಚ್ಚಿಸಿದ್ದೀರಿ. ಆ ಆಟದಲ್ಲಿ ಇರುವೆಗಳು ಸಾಯುವುದಿಲ್ಲ ಎಂಬುದೇ ಕಾರಣ. ಹೀಗೆಂದು ಯಾರಿಗಾದರೂ ಹೇಳಿದರೆ, ಲಕ್ವಾ ಹೊಡೆದ ಮೇಲೆ ಮುದುಕನ ತಲೆಯೂ ಹೋಗಿದೆ ಎಂದುಕೊಳ್ಳುತ್ತಾರೆ. ಆದರೆ ಈ ಮಾತು ನನ್ನ ತಲೆಯಿಂದ ಹುಟ್ಟಿದ್ದಲ್ಲ, ನಿಮ್ಮ ಕಚೇರಿಯ ಕಾಗದದಿಂದ ಬಂದದ್ದು. ಕೆಳಗೆ ತಮ್ಮ ಸಹಿಯೂ ಇದೆ. ಬಹಳ ಚೆಂದದ ಸಹಿ, ಕೈ ಸ್ವಾಧೀನದಲ್ಲಿರುವವರು ಮಾಡುವಂಥದ್ದು.

ಇದೇ ಸಂಗತಿಯನ್ನು ಮೊದಲು ಮರಾಠಿಯಲ್ಲಿ ಬರೆಸಿ ಕೊಟ್ಟಿದ್ದೆ. ನಿಮ್ಮವರು ಶಿಕ್ಕಾ ಹೊಡೆದು ಇಟ್ಟುಕೊಂಡರು, ಉತ್ತರ ಬರಲಿಲ್ಲ. ಈಗ ಕನ್ನಡದಲ್ಲಿ, ಎಲ್ಲರೂ ಓದುವ ಹಾಗೆ ಪತ್ರಿಕೆಗೆ ಕೊಡುತ್ತಿದ್ದೇನೆ. ಆ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಅಥಣಿ, ರಾಯಬಾಗ, ಜಮಖಂಡಿ ಕಡೆಯವರು. ತಮ್ಮ ಚಿಕಿತ್ಸೆ ಏಕೆ ನಿಂತಿತೆಂದು ಅವರಾದರೂ ತಿಳಿದುಕೊಳ್ಳಲಿ. ನಾನು ಹೇಳುತ್ತಿದ್ದೇನೆ, ನನ್ನ ಹೆಂಡತಿ ನಾಗವ್ವ ಬರೆಯುತ್ತಿದ್ದಾಳೆ. ಅರ್ಧದಷ್ಟು ಬೈಗುಳಗಳನ್ನು ಬರೆಯಲು ಆಕೆ ಒಪ್ಪಿಲ್ಲ. ಅಷ್ಟರಮಟ್ಟಿಗೆ ತಾವು ಪುಣ್ಯವಂತರು. ಕನ್ನಡ ಓದಲು ಬಾರದಿದ್ದರೆ ತಮಗೆ ಚಹಾ ತರುವ ಸಿಪಾಯಿಯಿಂದ ಓದಿಸಿಕೊಳ್ಳಿ. ನಿಮ್ಮ ಬಾಗಿಲ ಮುಂದೆ ನಾನು ಕಾಯುತ್ತಿದ್ದಾಗ ಆತ ‘ಕುಂದ್ರಿ ಅಜ್ಜಾರ’ ಎಂದು ತನ್ನ ಸ್ಟೂಲು ಕೊಟ್ಟ. ಕೌಶಲ್ಯದ ಆ ಕಚೇರಿಯಲ್ಲಿ ನನ್ನ ಕಣ್ಣಿಗೆ ಬಿದ್ದ ಕೌಶಲ್ಯ ಅದೊಂದೇ.

ನಾನು ಸಾಂಗಲಿಯಲ್ಲಿ ಅರಿಸಿನದ ಅಡತಿ (ದಲ್ಲಾಳಿ) ಅಂಗಡಿ ಇಟ್ಟವನು. ರಾಶಿಯಿಂದ ಒಂದು ಕೊಂಬು ಎತ್ತಿ, ಲಟಕ್ಕನೆ ಮುರಿದು, ಒಳಗಿನ ಬಣ್ಣ ನೋಡಿ ಮಾಲಿನ ಗುಣ ಹೇಳುವುದು ನಮ್ಮ ಕಸುಬು. ಹೋದ ಮಳೆಗಾಲದಲ್ಲಿ ಲಕ್ವಾ ಹೊಡೆದು ನನ್ನ ಬಲಗೈ ಬಿದ್ದುಹೋಯಿತು. ಕೊಂಬು ಮುರಿಯುವುದಿರಲಿ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದು. ಆಸ್ಪತ್ರೆಯಿಂದ ಬಂದ ಮೇಲೆ ಕೈ ಸ್ವಲ್ಪ ಅಲುಗಾಡತೊಡಗಿತು ನಿಜ, ಆದರೆ ಅದು ಅಲುಗಾಡುತ್ತಿದ್ದುದು ನನ್ನ ಇಷ್ಟದ ಹಾಗಲ್ಲ. ಒಂದು ದಿನ ಬಟ್ಟಲು ಹಿಡಿಯಹೋದಾಗ ಕೈ ಜಿಗಿದು ಬಿಸಿ ಚಹಾ ಮೊಮ್ಮಗಳ ಮೈಮೇಲೆ ಚೆಲ್ಲಿತು. ಅಂದಿನಿಂದ ನನಗೆ ನನ್ನ ಕೈಯ ಭಯ ಹತ್ತಿತು. ಕೂಸು ಓಡಿ ಬಂದರೆ ‘ದೂರ ಸರಿ’ ಎನ್ನುತ್ತಿದ್ದೆ. ಇದು ಎಂಥ ಸಂಕಟ ಎಂಬುದು ತಮಗೆ ತಿಳಿಯದಿರಲಿ ಎಂದೇ ಹಾರೈಸುತ್ತೇನೆ, ಇಷ್ಟು ಸಿಟ್ಟಿನಲ್ಲೂ.

ಮಿರಜದಲ್ಲಿ ನನಗೆ ವ್ಯಾಯಾಮ ಮಾಡಿಸುವ ಸುಮನ ಬಾಯಿ ಇದನ್ನು ಕೇಳಿ, ‘ಕೈಗಿಂತ ಮೊದಲ ನಿಮ್ಮ ಅಂಜಿಕಿ ಬಿಡಸಬೇಕ್ರಿ’ ಎಂದು ಒಂದು ಕಂಪ್ಯೂಟರಿನ ಮುಂದೆ ಕೂರಿಸಿದರು. ಪರದೆಯ ಮೇಲೆ ಕಬ್ಬಿನ ಗದ್ದೆಗಳ ನಡುವಿನ ಒಂದು ಹಾದಿ. ಹಾದಿಯ ಅಡ್ಡಕ್ಕೆ ಇರುವೆಯ ಸಾಲು. ಈಚೆಗೆ ದಿಗಂಬರ ಮುನಿಗಳೊಬ್ಬರ ಪಾದಗಳು. ಪಾದಗಳಷ್ಟೇ, ಮುನಿಗಳನ್ನು ಆಟದ ಗೊಂಬೆ ಮಾಡಬಾರದೆಂದು ಆಟ ಬರೆದವಳ ಮರ್ಯಾದೆ. ಮುನಿಗಳು ಹೆಜ್ಜೆಯಿಡುವ ಮುನ್ನ ಕ್ರಿಮಿಕೀಟಗಳನ್ನು ಮೆಲ್ಲಗೆ ಸರಿಸಲು ನವಿಲುಗರಿಯ ಪಿಂಛಿ ಇಟ್ಟುಕೊಂಡಿರುತ್ತಾರಲ್ಲ, ಆ ಪಿಂಛಿ ನಮ್ಮ ಕೈಯಲ್ಲಿ. ಎದುರಿನ ಕ್ಯಾಮೆರಾ ಕೈಯನ್ನು ನೋಡುತ್ತದೆ. ನಿಧಾನವಾಗಿ ಕೈಯಾಡಿಸಿದರೆ ಗರಿ ಆಡುತ್ತದೆ, ಇರುವೆಗಳು ಸರಿಯುತ್ತವೆ, ಪಾದ ಮುಂದೆ ಹೋಗುತ್ತದೆ. ಕೈ ಜಿಗಿದರೆ ಗರಿ ತಾನೇ ಮೇಲಕ್ಕೇಳುತ್ತದೆ, ಇರುವೆಗೆ ಏನೂ ಆಗುವುದಿಲ್ಲ, ಪಾದಗಳು ಕಾಯುತ್ತವೆ.

ನಾನು ಎಷ್ಟು ಸಲ ತಪ್ಪಿದೆನೋ ಲೆಕ್ಕವಿಲ್ಲ. ಒಂದು ಇರುವೆಯೂ ಸಾಯಲಿಲ್ಲ. ನನ್ನ ಈ ಕೆಟ್ಟ ಕೈಯಿಂದಲೂ ಯಾರಿಗೂ ನೋವಾಗದೆ ಒಂದು ಕೆಲಸ ನಡೆಯಬಲ್ಲದು ಎಂದು ಅಲ್ಲಿ ಕುಳಿತಾಗ ಮೊದಲ ಸಲ ಅನಿಸಿತು. ದೀಪಾವಳಿಯ ಹೊತ್ತಿಗೆ ಅದೇ ಕೈಯಿಂದ, ಅದೇ ರೀತಿ ನಿಧಾನವಾಗಿ, ಮೊಮ್ಮಗಳ ತಲೆ ನೇವರಿಸಿದೆ. ಆಕೆ ಅಲುಗಾಡದೆ ಕುಳಿತಿದ್ದಳು. ನಾನು ಅತ್ತೆ, ಅದನ್ನು ಹೇಳಲು ನಾಚಿಕೆಯೇನಿಲ್ಲ.

ಆಟ ಬರೆದವಳು ಸಾಂಗಲಿ ಹತ್ತಿರದ ಸಮಡೋಳಿಯ ಜೈನರ ಹುಡುಗಿ, ಹೆಸರು ಸಂಪದಾ. ಮರಾಠಿ ನಡುನಡುವೆ ಬೆರೆಸಿ ಕನ್ನಡ ಮಾತಾಡುತ್ತಾಳೆ. ‘ನಿಮ್ಮ ಮುನಿಗಳ ಹಾದಿ ಗುಡಸಾಕ ಈ ಲಿಂಗಾಯತ ಮುದುಕನ ಬೇಕಾಗಿದ್ನೇನವಾ’ ಎಂದು ಕಾಡಿದರೆ, ‘ಇರಿವಿಗೆ ಜಾತಿ ಗೊತ್ತಾಗಂಗಿಲ್ರಿ ಕಾಕಾ, ಗುಡಸ್ರಿ’ ಎಂದಳು. ಆಟದೊಳಗೆ ಬೆಳಕು ಎಲ್ಲಿಂದ ಬೀಳಬೇಕು, ಕೈಯಾಡಿಸಿದರೆ ಏನಾಗಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎನ್ನುತ್ತಾರಂತೆ. ಈಕೆ ಬಳಸಿದ್ದು ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಸಣ್ಣ ಎಂಜಿನ್. ಆಸ್ಪತ್ರೆಯ ಹಳೆಯ ಕಂಪ್ಯೂಟರಿನ ಮೇಲೂ ಅದು ಓಡುತ್ತದೆ ಎಂಬ ಕಾರಣಕ್ಕೇ ಕಲಿತಳಂತೆ.

ಈಗ ತಮ್ಮ ಘನ ಕಾರ್ಯಕ್ಕೆ ಬರೋಣ. ‘ಗೇಮ್ ಎಂಜಿನ್ ಡೆವಲಪರ್‌ಗಳಿಗೆ ಉದ್ಯಮದಲ್ಲಿ ಅಪಾರ ಬೇಡಿಕೆ’ ಎಂದು ಸಾಂಗಲಿಯ ವಿಶ್ರಾಮಬಾಗದಲ್ಲಿ ನಿಮ್ಮ ಕಚೇರಿಯ ದೊಡ್ಡ ಫಲಕವಿದೆ. ಕೆಳಗೆ ಬಂದೂಕು ಹಿಡಿದ ಒಬ್ಬ ವೀರ. ಯಾವ ಉದ್ಯಮ ಸ್ವಾಮಿ? ಆ ಅಪಾರ ಬೇಡಿಕೆ ಎಲ್ಲಿದೆ? ಮೊಬೈಲ್ ಅಂಗಡಿಗಳ ಮಾಳಿಗೆಯ ಮೇಲೆ ಕ್ಲಾಸು ತೆರೆದವರಿಗೆ ವಿದ್ಯಾರ್ಥಿಗಳ ಬೇಡಿಕೆಯಿದೆ, ಅದು ನನಗೂ ಕಾಣುತ್ತದೆ. ನಿಜವಾದ ಬೇಡಿಕೆಯೊಂದು ಮಿರಜದಲ್ಲಿ ಬಿದ್ದ ಕೈಗಳನ್ನು ಹೊತ್ತು ಸಾಲಾಗಿ ಕುಳಿತಿತ್ತು. ಅದನ್ನು ಪೂರೈಸುವವಳೂ ಇದ್ದಳು. ನೀವು ಮಾಡಿದ್ದೇನು? ಸಾರ್ವಜನಿಕರು ಬಳಸುವ ಆಟಗಳನ್ನು ನಿಮ್ಮ ಪ್ರಮಾಣಪತ್ರ ಪಡೆದವರೇ ಬರೆದಿರಬೇಕು ಎಂದು ಸುತ್ತೋಲೆ ಹೊರಡಿಸಿ, ಆಕೆಯನ್ನು ಪರೀಕ್ಷೆಗೆ ಎಳೆದು ತಂದಿರಿ.

ಆ ಪರೀಕ್ಷೆಯಲ್ಲಿ ‘ಶತ್ರು ನಾಶ’ ಎಂಬ ಕಡ್ಡಾಯ ಭಾಗವಿದೆಯಂತೆ. ಸಂಪದಾ ತನ್ನ ಇರುವೆಯ ಆಟವನ್ನೇ ಒಪ್ಪಿಸಿದಳು. ಶತ್ರು ಯಾರು ಎಂದು ಪರೀಕ್ಷಕರು ಕೇಳಿದರು. ಯಾರೂ ಇಲ್ಲ ಎಂದಳು. ಆ ಭಾಗಕ್ಕೆ ಸೊನ್ನೆ, ಆಕೆ ನಪಾಸು. ಶತ್ರುವಿಲ್ಲದ ಮನುಷ್ಯನನ್ನು ಸರ್ಕಾರಿ ಕಚೇರಿ ನಪಾಸು ಮಾಡಿದ್ದು ಇತಿಹಾಸದಲ್ಲಿ ಇದೇ ಮೊದಲಿರಬೇಕು.

ಆಕೆಯನ್ನು ಕರೆದುಕೊಂಡು ನಾನೇ ನಿಮ್ಮಲ್ಲಿಗೆ ಬಂದೆ. ತಾವು ಬಹಳ ಉದಾರವಾಗಿ ಒಂದು ದಾರಿ ಹೇಳಿದಿರಿ: ಕೈ ಜಿಗಿದಾಗ ಒಂದೇ ಒಂದು ಇರುವೆ ಸಾಯುವ ಹಾಗೆ ಮಾಡು, ಪಾಸು ಮಾಡುತ್ತೇನೆ, ಅದೇನು ಜೀವಂತ ಇರುವೆಯೇ? ವ್ಯಾಪಾರಿಯ ಬುದ್ಧಿ ನನ್ನದು, ಆ ಕ್ಷಣ ನನಗೂ ಇದು ಸಲೀಸಾಗಿ ಕಂಡಿತು. ಹೊರಗೆ ಬಂದು, ‘ಒಂದ ಇರಿವಿ ಹೋದ್ರ ಏನಾತವಾ, ಮಾಡಿಬಿಡು’ ಎಂದೆ.

‘ನೀವು ಅರಿಸಿನದಾಗ ಒಂದ ಹಿಡಿ ಬಣ್ಣ ಹಾಕಿ ಮಾರ್ತೀರೇನ್ರಿ ಕಾಕಾ?’ ಎಂದು ಕೇಳಿದಳು.

ಆಮೇಲೆ ಬಿಡಿಸಿ ಹೇಳಿದಳು: ‘ಪರೀಕ್ಷಾ ಬಂದಿದ್ದು ನಮ್ಮ ದಶಲಕ್ಷಣ ಪರ್ವದಾಗ. ಆಟದಾಗೂ ಜೀವ ತಗೊಳ್ಳಂಗಿಲ್ಲ ಅಂತ ಅಜ್ಜಿ ಕಡೆ ನೇಮ ತಗೊಂಡೇನಿ. ಕೊಲ್ಲಬೇಕಂತ ನಾ ಮನಸಿನಾಗ ಮಾಡಿದ್ರೂ ಅದು ಕೊಂದಂಗ ಅಂತಾಳ ಅಜ್ಜಿ. ಅದು ನನ್ನ ಮಾತಾತು, ಬಿಡ್ರಿ. ಆದ್ರ ಕೃಷ್ಣವ್ವ ಆಯಿ ಕೈ ದಿನಾ ಜಿಗೀತೈತಿ. ಜಿಗಿದಾಗೆಲ್ಲ ಒಂದೊಂದು ಸತ್ತು ಬಿದ್ರ ಆಕಿ ಮತ್ತ ಕೈ ಎತ್ತತಾಳೇನ್ರಿ?’

ಕೃಷ್ಣವ್ವ ರಾಯಬಾಗದ ಕಡೆಯ ಹೆಣ್ಣುಮಗಳು, ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಆಡುತ್ತಿದ್ದವಳು. ಇಷ್ಟು ಸರಳವಾದದ್ದು ತಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾನಾದರೂ ಕುರ್ಚಿಯ ಮೇಲೆ ಕುಳಿತು ಯಾರನ್ನೂ ನಪಾಸು ಮಾಡುತ್ತಿರಲಿಲ್ಲ.

ನಂತರ ನಿಮ್ಮ ಕಾಗದ ಬಂತು, ಆಟ ಬಂದ್ ಆಯಿತು. ಪ್ರಮಾಣಪತ್ರವಿರುವ ಯಾರಿಂದಲಾದರೂ ತಿದ್ದಿಸಿ ಮತ್ತೆ ತೆರೆಯಬಹುದೆಂದು ಅದರಲ್ಲೇ ಬರೆದಿದ್ದಿರಿ. ನನ್ನ ತಮ್ಮನ ಮಗ ಸೂರಜನ ಬಳಿ ನಿಮ್ಮ ಪ್ರಮಾಣಪತ್ರವಿದೆ, ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇವೆ. ಅವನನ್ನು ಕರೆದೊಯ್ದೆ. ಪಾಪ, ಸುಳ್ಳು ಹೇಳುವ ಹುಡುಗನಲ್ಲ. ಪರದೆ ನೋಡಿ ಕೈಮುಗಿದ. ‘ದೊಡ್ಡಪ್ಪಾ, ನಂಗ ಈ ಎಂಜಿನ್ ಬರಂಗಿಲ್ರಿ. ಪರೀಕ್ಷಾಕ್ಕ ಕ್ಲಾಸಿನವರು ಒಂದ ಭೂತ ಕೊಟ್ಟಿದ್ರು, ಎಲ್ಲಾರೂ ಅದನ್ನ ಗುಂಡು ಹಾಕಿ ಕೆಡವಿದ್ವಿ. ಎಲ್ಲಾರೂ ಪಾಸ್ ಆದ್ವಿ.’ ಕೇಳಿದಿರಾ ಮಾನ್ಯರೇ? ಒಂದೇ ಭೂತ, ಇಡೀ ಕ್ಲಾಸಿನ ಕೈಯಲ್ಲಿ ಸಾಯುತ್ತದೆ, ಎಲ್ಲರೂ ಪ್ರಮಾಣಿತ ಡೆವಲಪರ್‌ಗಳಾಗುತ್ತಾರೆ, ತಾವು ವರದಿಯಲ್ಲಿ ಅವರ ಸಂಖ್ಯೆ ಬರೆದುಕೊಳ್ಳುತ್ತೀರಿ. ಉದ್ಯಮ ಎಲ್ಲಿ ಎಂದು ಕೇಳಿದೆನಲ್ಲ, ತಪ್ಪಾಯಿತು. ಉದ್ಯಮ ಅಂದರೆ ತಾವೇ.

ದೇಶದ ಬಾಗಿಲು ತೆರೆದ ಕಾಲದಲ್ಲಿ ನಾನು ಪ್ರಾಯದವನು. ಲೈಸೆನ್ಸಿನ ಕಾಲ ಮುಗಿಯಿತು, ಇನ್ನು ಕೆಲಸ ಬಲ್ಲವನಿಗೆ ಬೆಲೆ ಎಂದು ನಮ್ಮ ಪೇಟೆಯಲ್ಲಿ ಪೇಢೆ ಹಂಚಿದ್ದರು, ನಾನೂ ತಿಂದೆ. ಸಾಂಗಲಿ ಬೆಳೆಯಿತು, ಮಿರಜದ ದಾರಿಯುದ್ದಕ್ಕೂ ಕಟ್ಟಡಗಳು ಎದ್ದವು. ಲೈಸೆನ್ಸು ಮಾತ್ರ ಎಲ್ಲೂ ಹೋಗಿರಲಿಲ್ಲ, ಹೆಸರು ಬದಲಿಸಿಕೊಂಡು ನಿಮ್ಮ ಕಚೇರಿಯಲ್ಲಿ ಬಂದು ಕುಳಿತಿತ್ತು.

ನಿನ್ನೆ ಕೃಷ್ಣವ್ವ ಫೋನು ಮಾಡಿದ್ದಳು. ಆಟ ನಿಂತ ಮೇಲೆ ಊರಿಗೆ ಹೋಗಿದ್ದಾಳೆ. ಸುಮನ ಬಾಯಿ ಹಿಚುಕಲು ರಬ್ಬರ್ ಚೆಂಡು ಕೊಟ್ಟು ಕಳಿಸಿದ್ದರು. ಹಿಚುಕುತ್ತೀಯೇನವ್ವಾ ಎಂದೆ. ‘ಇಲ್ರಿ ಅಣ್ಣಾರ. ಸೊಸಿ ಬಾಣಂತಿ ಅದಾಳ್ರಿ, ಮೊಮ್ಮಗ ಹುಟ್ಯಾನ. ಎತ್ಕೋ ಅಂತಾರ. ನಾ ಕೈ ಸೆರಗಿನಾಗ ಇಟ್ಕೊಂಡು ಕುಂತೇನ್ರಿ’ ಎಂದಳು. ನಾನು ಫೋನನ್ನು ನಾಗವ್ವನ ಕೈಗೆ ಕೊಟ್ಟೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮ ಪರೀಕ್ಷೆಯಿಂದ ಶತ್ರು ನಾಶವನ್ನು ತೆಗೆಯಿರಿ, ಸಂಪದಾಳ ಆಟವನ್ನು ಅದನ್ನು ಆಡಿದವರ ಎದುರು ಮತ್ತೆ ಪರೀಕ್ಷಿಸಿ, ಮಿರಜದ ಆ ಕೋಣೆಯ ಕಂಪ್ಯೂಟರನ್ನು ಈ ವಾರವೇ ಮತ್ತೆ ತೆರೆಸಿ. ಆಗುವುದಿಲ್ಲ ಎಂದಾದರೆ ರಾಯಬಾಗದ ಬಸ್ಸು ಹತ್ತಿ. ನಾನೂ ಜೊತೆಗೆ ಬರುತ್ತೇನೆ. ಕೃಷ್ಣವ್ವನ ಕೈಯನ್ನು ಸೆರಗಿನಿಂದ ಹೊರಗೆ ತೆಗೆಸಿ, ತೊಟ್ಟಿಲ ಮುಂದೆ ನಿಲ್ಲಿಸಿ, ಈ ಕೈ ಮೊದಲು ಯಾರನ್ನಾದರೂ ಕೊಲ್ಲಬೇಕು ಎಂದು ತಾವೇ ಆಕೆಗೆ ಹೇಳಿ.

ಇಂತಿ,
ಕೊಲ್ಲುವುದನ್ನು ಕಲಿಯದ ಕಾರಣಕ್ಕೆ ಅರ್ಧ ಗುಣವಾಗಿ ಉಳಿದ,
ಶಿವಲಿಂಗಪ್ಪ ಹಿಂಗಮಿರೆ
ಅರಿಸಿನ ಪೇಟೆ, ಸಾಂಗಲಿ
(ಬರಹ ಮತ್ತು ಸಹಿ: ನಾಗವ್ವ)